ಹವ್ಯಾಸಿ ರೇಡಿಯೋಗೆ ಲಿಥಿಯಂ ಬ್ಯಾಟರಿ: ಸರಿಯಾದ ಚಾರ್ಜರಿನ ಆಯ್ಕೆ

ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಅಥವಾ ಗುಡ್ಡ ಕುಸಿದಾಗ ಹಳ್ಳಿಗಳಲ್ಲಿ ಮೊದಲು ನಿಲ್ಲುವುದು ವಿದ್ಯುತ್. ಅದರ ಹಿಂದೆಯೇ ಮೊಬೈಲ್ ಗೋಪುರಗಳೂ ಕೆಲಸ ನಿಲ್ಲಿಸುತ್ತವೆ. 2018ರಲ್ಲಿ ಕೊಡಗಿನ ಮತ್ತು 2019ರಲ್ಲಿ ಉತ್ತರ ಕರ್ನಾಟಕದ ನದಿ ತೀರದ ಅನೇಕ ಊರುಗಳ ಜನ ಇದನ್ನು ಅನುಭವಿಸಿದ್ದಾರೆ. ಇಂತಹ ಸಮಯದಲ್ಲಿ ತಂತಿಯಾಗಲಿ ಗೋಪುರವಾಗಲಿ ಇಲ್ಲದೆ ದೂರಕ್ಕೆ ಸುದ್ದಿ ಮುಟ್ಟಿಸಬಲ್ಲ ಸಾಧನವೆಂದರೆ ಹವ್ಯಾಸಿ ರೇಡಿಯೋ. ಇದನ್ನು ಹ್ಯಾಮ್ ರೇಡಿಯೋ ಎಂದೂ ಕರೆಯುವುದುಂಟು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿಗಳ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿತ್ತು. ದ್ವೀಪದ ಸಂಪರ್ಕ ಕಡಿದುಹೋಗಿದ್ದಾಗ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸುವಲ್ಲಿ ಈ ತಂಡದ ರೇಡಿಯೋ ನೆರವಾಯಿತು.

ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅನುಮತಿ ಪಡೆದವರು ಮಾತ್ರ ಈ ರೇಡಿಯೋವನ್ನು ಬಳಸಬಹುದು. ಗ್ರಾಮಾಂತರದ ವಿದ್ಯಾವಂತ ಯುವಕ ಯುವತಿಯರಿಗೂ ಈ ಹವ್ಯಾಸಕ್ಕೆ ಅವಕಾಶವಿದೆ. ಆದರೆ ರೇಡಿಯೋ ಎಷ್ಟೇ ಒಳ್ಳೆಯದಾಗಿದ್ದರೂ ಬ್ಯಾಟರಿ ತುಂಬಿಲ್ಲದಿದ್ದರೆ ಅದು ಬರಿಯ ಪೆಟ್ಟಿಗೆ. ಬ್ಯಾಟರಿ ತುಂಬುವುದೂ ಬಾಳುವುದೂ ಚಾರ್ಜರನ್ನು ಅವಲಂಬಿಸಿದೆ. ಬ್ಯಾಟರಿಗೆ ಸಾವಿರಾರು ರೂಪಾಯಿ ವೆಚ್ಚ ಮಾಡುವವರು ಚಾರ್ಜರಿನ ವಿಷಯದಲ್ಲಿ ಉದಾಸೀನ ತೋರುವುದು ಸಾಮಾನ್ಯ. ಮನೆಯಲ್ಲಿರುವ ಔಷಧಿ ಸಿಂಪರಣಾ ಯಂತ್ರದ ಚಾರ್ಜರನ್ನೋ ಟ್ರ್ಯಾಕ್ಟರ್ ಬ್ಯಾಟರಿಯ ಚಾರ್ಜರನ್ನೋ ಜೋಡಿಸಿಬಿಡುತ್ತಾರೆ. ಇದರಿಂದಾಗುವ ನಷ್ಟವನ್ನು ತಪ್ಪಿಸಲು ಕೆಲವು ಮೂಲ ವಿಷಯಗಳನ್ನು ತಿಳಿದಿರಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಂದರೇನು?

ಲಿಥಿಯಂ ಬ್ಯಾಟರಿಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟಿನ ಸಂಯುಕ್ತವನ್ನು ಧನಧ್ರುವದಲ್ಲಿ ಬಳಸುವ ಬಗೆಗೆ ಈ ಹೆಸರು. ಈ ಸಂಯುಕ್ತದ ಉಪಯುಕ್ತತೆಯನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ ಅವರು 1997ರಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನದಲ್ಲಿ ತೋರಿಸಿಕೊಟ್ಟರು. ಲಿಥಿಯಂ ಬ್ಯಾಟರಿಗಳ ಬೆಳವಣಿಗೆಗೆ ನೀಡಿದ ಕೊಡುಗೆಗಾಗಿ ಗುಡ್‌ಎನಫ್ ಅವರು 2019ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು.

ಇದೇ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಗೆ ಹೋಲಿಸಿದರೆ ಇದರ ತೂಕ ಅರ್ಧಕ್ಕಿಂತಲೂ ಕಡಿಮೆ. ಸರಿಯಾಗಿ ನೋಡಿಕೊಂಡರೆ ಎರಡು ಸಾವಿರ ಸಲಕ್ಕೂ ಹೆಚ್ಚು ತುಂಬಿಸಿ ಬಳಸಬಹುದು. ಮೊಬೈಲ್ ಫೋನಿನಲ್ಲಿರುವ ಬಗೆಯ ಲಿಥಿಯಂ ಬ್ಯಾಟರಿಗಿಂತ ಬೆಂಕಿಯ ಭಯವೂ ಕಡಿಮೆ. ಹೆಗಲಿಗೇರಿಸಿ ಗುಡ್ಡ ಹತ್ತಬೇಕಾದ ಹವ್ಯಾಸಿಗಳು ಇದನ್ನು ಮೆಚ್ಚಿಕೊಂಡಿರುವುದಕ್ಕೆ ಇವೇ ಕಾರಣಗಳು.

ಎಲ್ಲವೂ 12 ವೋಲ್ಟ್ ಅಲ್ಲ

ಕಪ್ಪು ಭೂಮಿಗೂ ಕೆಂಪು ಭೂಮಿಗೂ ಒಂದೇ ಅಳತೆಯಲ್ಲಿ ನೀರು ಕೊಟ್ಟರೆ ಹೇಗೆ ಬೆಳೆ ಕೆಡುವುದೋ ಹಾಗೆಯೇ ಎಲ್ಲ ಬ್ಯಾಟರಿಗಳಿಗೂ ಒಂದೇ ಚಾರ್ಜರ್ ಬಳಸಿದರೆ ಬ್ಯಾಟರಿ ಕೆಡುತ್ತದೆ. ಮಾರುಕಟ್ಟೆಯಲ್ಲಿ ಮೂರು ಬೇರೆ ಬೇರೆ ಬ್ಯಾಟರಿಗಳನ್ನು ‘12 ವೋಲ್ಟ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಗೊಂದಲದ ಮೂಲ ಇದೇ.

ಸೀಸ-ಆಮ್ಲ ಬ್ಯಾಟರಿಯಲ್ಲಿ ತಲಾ 2 ವೋಲ್ಟಿನ ಆರು ಕೋಶಗಳಿರುತ್ತವೆ. ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ತಲಾ 3.6 ಅಥವಾ 3.7 ವೋಲ್ಟಿನ ಮೂರು ಕೋಶಗಳಿರುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ತಲಾ 3.2 ವೋಲ್ಟಿನ ನಾಲ್ಕು ಕೋಶಗಳಿದ್ದು ಒಟ್ಟು 12.8 ವೋಲ್ಟ್ ಆಗುತ್ತದೆ. ಈ ಕೊನೆಯ ಬಗೆಯಲ್ಲಿ ಪ್ರತಿ ಕೋಶವನ್ನೂ ತುಂಬಿಸುವಾಗ 3.65 ವೋಲ್ಟನ್ನು ಮೀರಬಾರದು. ಅಂದರೆ ಇಡೀ ಬ್ಯಾಟರಿಗೆ 14.6 ವೋಲ್ಟೇ ಮೇಲಿನ ಮಿತಿ.

ಆದ್ದರಿಂದ ಚಾರ್ಜರ್ ಕೊಳ್ಳುವಾಗ ಅದರ ಮೇಲೆ ‘12 ವೋಲ್ಟ್’ ಎಂದಿರುವುದನ್ನಾಗಲಿ ಪ್ಲಗ್ ಸರಿಯಾಗಿ ಕೂರುವುದನ್ನಾಗಲಿ ನೋಡಿದರೆ ಸಾಲದು. ಅದರ ಬೆನ್ನ ಮೇಲೆ ಅಚ್ಚಾಗಿರುವ ‘ಔಟ್‌ಪುಟ್’ ಅಂಕಿಯನ್ನು ಓದಬೇಕು.

1. 14.6 ವೋಲ್ಟ್ ಎಂದಿದ್ದು, ಲಿಥಿಯಂ ಐರನ್ ಫಾಸ್ಫೇಟ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅದು ಈ ಬ್ಯಾಟರಿಗೆ ಸೂಕ್ತ. 14.2 ಅಥವಾ 14.4 ವೋಲ್ಟಿಗೆ ನಿಲ್ಲುವ ಇದೇ ಬಗೆಯ ಚಾರ್ಜರುಗಳೂ ಸೂಕ್ತ.

2. 12.6 ವೋಲ್ಟ್ ಎಂದಿದ್ದರೆ ಅದು ಮೂರು ಕೋಶದ ಲಿಥಿಯಂ-ಅಯಾನ್ ಬ್ಯಾಟರಿಯದು. ಇದರಿಂದ ನಮ್ಮ ಬ್ಯಾಟರಿ ತುಂಬುವುದೇ ಇಲ್ಲ.

3. 16.8 ವೋಲ್ಟ್ ಎಂದಿದ್ದರೆ ಅದು ನಾಲ್ಕು ಕೋಶದ ಲಿಥಿಯಂ-ಅಯಾನ್ ಬ್ಯಾಟರಿಯದು. ಇದನ್ನು ಎಂದಿಗೂ ಜೋಡಿಸಬಾರದು.

ಲಿಥಿಯಂ ಬ್ಯಾಟರಿಯ ಸಿಂಪರಣಾ ಯಂತ್ರವಿರುವ ರೈತರೂ ಈ ಅಂಕಿಗಳನ್ನು ನೆನಪಿಡುವುದು ಒಳ್ಳೆಯದು. ಒಂದು ಯಂತ್ರದ ಚಾರ್ಜರಿನ ಪ್ಲಗ್ ಇನ್ನೊಂದಕ್ಕೆ ಕೂರುತ್ತದೆಂಬ ಮಾತ್ರಕ್ಕೆ ಅದು ಆ ಯಂತ್ರದ್ದಲ್ಲ.

ಸೀಸ-ಆಮ್ಲ ಬ್ಯಾಟರಿಯ ಚಾರ್ಜರ್ ಏಕೆ ಬೇಡ?

ಸೀಸ-ಆಮ್ಲ ಚಾರ್ಜರುಗಳೂ ಸುಮಾರು 14.4 ವೋಲ್ಟಿನವರೆಗೆ ತುಂಬಿಸುವುದರಿಂದ ಅವು ನಡೆಯುತ್ತವೆಂದು ಕೆಲವರ ಅಭಿಪ್ರಾಯ. ತೊಂದರೆ ಇರುವುದು ಅದರ ಮುಂದಿನ ಹಂತಗಳಲ್ಲಿ. ಸೀಸದ ಫಲಕಗಳ ಮೇಲೆ ಕಟ್ಟುವ ಸಲ್ಫೇಟನ್ನು ಬಿಡಿಸಲು ಹಲವು ಚಾರ್ಜರುಗಳು ಹೆಚ್ಚು ವೋಲ್ಟಿನ ಮಿಡಿತಗಳನ್ನು ಕಳುಹಿಸುತ್ತವೆ. ಕೋಶಗಳನ್ನು ಸಮಗೊಳಿಸಲು 15 ವೋಲ್ಟಿಗೂ ಮೀರಿ ಏರುವ ಚಾರ್ಜರುಗಳೂ ಇವೆ. ಚಳಿಯಲ್ಲಿ ತಾವಾಗಿಯೇ ವೋಲ್ಟನ್ನು ಏರಿಸಿಕೊಳ್ಳುವ ಚಾರ್ಜರುಗಳೂ ಉಂಟು. ಸೀಸಕ್ಕೆ ಔಷಧಿಯಾದ ಇವೆಲ್ಲ ಲಿಥಿಯಂ ಬ್ಯಾಟರಿಗೆ ವಿಷ.

ಬ್ಯಾಟರಿಯೊಳಗೆ ರಕ್ಷಣಾ ಮಂಡಲವಿದೆಯಲ್ಲ ಎಂದು ಕೇಳಬಹುದು. ಬಿ.ಎಂ.ಎಸ್. ಎಂದು ಕರೆಯುವ ಈ ಮಂಡಲ ಕೋಶದ ವೋಲ್ಟ್ ಮಿತಿ ಮೀರಿದಾಗ ಪ್ರವಾಹವನ್ನು ಕಡಿಯುತ್ತದೆ. ಆದರೆ ಅದು ಕೆರೆಯ ಕೋಡಿಯಿದ್ದಂತೆ. ಕೋಡಿ ಇರುವುದು ಏರಿಯನ್ನು ಕಾಪಾಡಲು. ಕೋಡಿ ಇದೆಯೆಂದು ನೀರಿನ ಲೆಕ್ಕವನ್ನೇ ಇಡದಿದ್ದರೆ ಒಂದು ದಿನ ಏರಿಗೆ ಅಪಾಯ ತಪ್ಪಿದ್ದಲ್ಲ. ಚಾರ್ಜರೇ ತನ್ನ ಮಿತಿಯಲ್ಲಿ ನಿಲ್ಲಬೇಕು. ಬಿ.ಎಂ.ಎಸ್. ಕೊನೆಯ ಕಾವಲಾಗಿರಬೇಕು.

ಒಳ್ಳೆಯ ಚಾರ್ಜರ್ ಕೆಲಸ ಮಾಡುವ ರೀತಿ

ಗದ್ದೆಗೆ ನೀರು ಹಾಯಿಸುವಾಗ ಮೊದಲು ಕಾಲುವೆಯನ್ನು ಪೂರ್ತಿ ಬಿಟ್ಟು, ಬದುವಿನ ಮಟ್ಟ ಹತ್ತಿರವಾದಂತೆ ಕಡಿಮೆ ಮಾಡಿ ಕೊನೆಗೆ ಕಟ್ಟುತ್ತಾರೆ. ಈ ಚಾರ್ಜರಿನ ಕೆಲಸವೂ ಹೀಗೆಯೇ. ಮೊದಲು ಒಂದೇ ಪ್ರಮಾಣದ ಪ್ರವಾಹವನ್ನು ಕೊಡುತ್ತದೆ. ವೋಲ್ಟ್ 14.6 ತಲುಪಿದ ಮೇಲೆ ಅದನ್ನು ಅಲ್ಲಿಯೇ ಹಿಡಿದು ಪ್ರವಾಹ ಇಳಿಯಲು ಬಿಡುತ್ತದೆ. ಪ್ರವಾಹ ತೀರ ಕಡಿಮೆಯಾದಾಗ, ಅಂದರೆ 20 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 1 ಆಂಪಿಯರಿಗೆ ಇಳಿದಾಗ, ನಿಂತುಹೋಗುತ್ತದೆ. ತುಂಬಿದ ಮೇಲೂ ಹನಿಹನಿಯಾಗಿ ಕೊಡುತ್ತಲೇ ಇರುವ ಅಗತ್ಯ ಈ ಬ್ಯಾಟರಿಗಿಲ್ಲ.

ರೇಡಿಯೋ ಕೇಂದ್ರದಲ್ಲಿರುವ 13.8 ವೋಲ್ಟಿನ ವಿದ್ಯುತ್ ಪೆಟ್ಟಿಗೆಯನ್ನೇ ಚಾರ್ಜರಾಗಿ ಬಳಸುವವರಿದ್ದಾರೆ. ವೋಲ್ಟ್ ಮಿತಿಯೊಳಗಿದ್ದರೂ ಅದಕ್ಕೆ ಪ್ರವಾಹದ ಹಿಡಿತವಿರುವುದಿಲ್ಲ. ಬರಿದಾದ ಬ್ಯಾಟರಿ ಒಮ್ಮೆಗೇ ಹೆಚ್ಚು ಪ್ರವಾಹ ಸೆಳೆದು ಪೆಟ್ಟಿಗೆಯನ್ನೇ ಕೆಡಿಸಬಹುದು. ಆದ್ದರಿಂದ ಇದು ಸೂಕ್ತವಲ್ಲ.

ಎಷ್ಟು ಆಂಪಿಯರಿನ ಚಾರ್ಜರ್ ಬೇಕು?

ಬ್ಯಾಟರಿಯ ಆಂಪಿಯರ್-ಗಂಟೆಯ ಐದನೆಯ ಒಂದು ಭಾಗದಿಂದ ಅರ್ಧದವರೆಗಿನ ಪ್ರವಾಹ ಸಾಮಾನ್ಯವಾಗಿ ಸೂಕ್ತ. 20 ಆಂಪಿಯರ್-ಗಂಟೆಯ ಬ್ಯಾಟರಿಗೆ 4ರಿಂದ 10 ಆಂಪಿಯರ್. ಬ್ಯಾಟರಿ ತಯಾರಕರು ತಿಳಿಸಿರುವ ಗರಿಷ್ಠ ಪ್ರವಾಹವನ್ನು ಯಾವ ಕಾರಣಕ್ಕೂ ಮೀರಬಾರದು.

ಒಂದು ಉದಾಹರಣೆ ನೋಡಬಹುದು. 100 ವ್ಯಾಟಿನ ರೇಡಿಯೋ ಕೇಳುವಾಗ ಸುಮಾರು 1 ಆಂಪಿಯರ್, ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ 20 ಆಂಪಿಯರಿಗೂ ಹೆಚ್ಚು ಬಳಸುತ್ತದೆ. ಮಾತಿನಲ್ಲಿ ಏರಿಳಿತವಿರುವುದರಿಂದ ಪ್ರಸಾರದ ಸರಾಸರಿ 10 ಆಂಪಿಯರ್ ಎಂದಿಟ್ಟುಕೊಂಡರೆ, ಗಂಟೆಗೆ 15 ನಿಮಿಷ ಮಾತನಾಡಿ 45 ನಿಮಿಷ ಕೇಳಿದಾಗ ಸುಮಾರು 3.25 ಆಂಪಿಯರ್-ಗಂಟೆ ಖರ್ಚಾಗುತ್ತದೆ. 20 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 16ರಷ್ಟನ್ನು ಬಳಸಿದರೆ ಸುಮಾರು 5 ಗಂಟೆಗಳ ಕೆಲಸವಾಗುತ್ತದೆ.

ಈ 16 ಆಂಪಿಯರ್-ಗಂಟೆಯನ್ನು ಮರಳಿ ತುಂಬಲು 5 ಆಂಪಿಯರಿನ ಚಾರ್ಜರಿಗೆ ಸುಮಾರು 4 ಗಂಟೆ ಸಾಕು. 1.7 ಆಂಪಿಯರಿನ ಸಣ್ಣ ಚಾರ್ಜರಿಗೆ 9 ಗಂಟೆಗೂ ಹೆಚ್ಚು ಬೇಕು. ವಿದ್ಯುತ್ ನಾಲ್ಕೇ ಗಂಟೆ ಬರುವ ರಾತ್ರಿ ಈ ವ್ಯತ್ಯಾಸವೇ ಮರುದಿನ ರೇಡಿಯೋ ಮಾತನಾಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ವೋಲ್ಟ್ ಮೀಟರಿನಿಂದ ಅಂದಾಜು ಮಾಡುವುದು ಈ ಬಗೆಯಲ್ಲಿ ಕಷ್ಟ. ಮುಕ್ಕಾಲು ಪಾಲು ತುಂಬಿದ್ದರೂ ಕಾಲು ಪಾಲು ಉಳಿದಿದ್ದರೂ ಮೀಟರ್ ಹೆಚ್ಚುಕಡಿಮೆ 13 ವೋಲ್ಟಿನ ಆಸುಪಾಸಿನಲ್ಲೇ ತೋರಿಸುತ್ತದೆ. ಆಂಪಿಯರ್-ಗಂಟೆಯನ್ನು ಎಣಿಸುವ ಮೀಟರ್ ಇದ್ದರೆ ಉತ್ತಮ. ಇಲ್ಲವಾದರೆ ಬಳಸಿದ ಸಮಯವನ್ನು ಬರೆದಿಡಬೇಕು.

ಚಾರ್ಜರಿನ ಗದ್ದಲ

ರೇಡಿಯೋ ಬಳಸುವವರು ಮಾತ್ರ ಗಮನಿಸಬೇಕಾದ ದೋಷವೊಂದಿದೆ. ಇಂದಿನ ಹಗುರ ಚಾರ್ಜರುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ. ಇದರಿಂದ ರೇಡಿಯೋ ಅಲೆಗಳಲ್ಲಿ ಗದ್ದಲ ಹುಟ್ಟುತ್ತದೆ. ದೂರದ ಕ್ಷೀಣ ಧ್ವನಿ ಅದರಲ್ಲಿ ಮುಳುಗಿಹೋಗುತ್ತದೆ. ಪರೀಕ್ಷೆ ಸುಲಭ. ರೇಡಿಯೋವನ್ನು ಬ್ಯಾಟರಿಯಿಂದಲೇ ನಡೆಸಿ, 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೇಳುತ್ತಾ ಚಾರ್ಜರನ್ನು ಗೋಡೆಯ ಸಾಕೆಟ್ಟಿಗೆ ಹಾಕಿ ತೆಗೆದು ನೋಡಬೇಕು. ಹಾಕಿದಾಗ ಸದ್ದು ಏರಿದರೆ ದೋಷ ಚಾರ್ಜರಿನದೇ. ಸಾಧ್ಯವಿದ್ದಲ್ಲಿ ಕೊಳ್ಳುವ ಮೊದಲೇ ಹೀಗೆ ಪರೀಕ್ಷಿಸಬೇಕು. ಕೊಂಡಾಗಿದ್ದರೆ ಚಾರ್ಜರಿನ ತಂತಿಗಳನ್ನು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದರೆ ಗದ್ದಲ ಕಡಿಮೆಯಾಗಬಹುದು.

ಮಾತನಾಡುವಾಗ ಚಾರ್ಜರನ್ನು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಚಾರ್ಜ್ ಆಗುತ್ತಿರುವಾಗಲೇ ರೇಡಿಯೋ ಬಳಸಿದರೆ, ರೇಡಿಯೋ ಸೆಳೆಯುವ ಪ್ರವಾಹವನ್ನು ಬ್ಯಾಟರಿಯದೇ ಎಂದು ಚಾರ್ಜರ್ ಭಾವಿಸಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಅನುಕೂಲವಿದ್ದವರು ಎರಡು ಬ್ಯಾಟರಿಗಳನ್ನಿಟ್ಟು ಒಂದನ್ನು ಬಳಸುವಾಗ ಇನ್ನೊಂದನ್ನು ತುಂಬಿಸಬಹುದು.

ಸೌರ ಫಲಕ ಮತ್ತು ಟ್ರ್ಯಾಕ್ಟರಿನಿಂದ ತುಂಬಿಸುವಾಗ

‘12 ವೋಲ್ಟ್’ ಎಂದು ಮಾರುವ ಸೌರ ಫಲಕವು ಬಿಸಿಲಿನಲ್ಲಿ ಏನನ್ನೂ ಜೋಡಿಸದಿರುವಾಗ 20 ವೋಲ್ಟಿಗೂ ಹೆಚ್ಚು ಕೊಡುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಾರದು. ಲಿಥಿಯಂ ಐರನ್ ಫಾಸ್ಫೇಟ್ ಆಯ್ಕೆಯಿರುವ ಸೌರ ನಿಯಂತ್ರಕವನ್ನು ಬಳಸಿ ಗರಿಷ್ಠ ವೋಲ್ಟನ್ನು 14.2ರಿಂದ 14.4ಕ್ಕೆ ಇಡಬೇಕು. ಕೋಶ ಸಮಗೊಳಿಸುವ ಹೆಚ್ಚಿನ ವೋಲ್ಟಿನ ಹಂತವನ್ನೂ ಉಷ್ಣತೆಗೆ ತಕ್ಕಂತೆ ವೋಲ್ಟ್ ಬದಲಿಸುವ ವ್ಯವಸ್ಥೆಯನ್ನೂ ನಿಲ್ಲಿಸಬೇಕು. ನಿಯಂತ್ರಕಕ್ಕೆ ಮೊದಲು ಬ್ಯಾಟರಿಯನ್ನೂ ಅನಂತರ ಫಲಕವನ್ನೂ ಜೋಡಿಸಬೇಕು.

ಟ್ರ್ಯಾಕ್ಟರ್ ಅಥವಾ ಜೀಪಿನ ಬ್ಯಾಟರಿಗೆ ಇದನ್ನು ನೇರವಾಗಿ ಜೋಡಿಸಿ ಇಂಜಿನ್ ನಡೆಸುವುದೂ ತಪ್ಪು. ಮಿತಿಯಿಲ್ಲದ ಪ್ರವಾಹದಿಂದ ತಂತಿ ಮತ್ತು ಆಲ್ಟರ್ನೇಟರ್ ಕಾಯುತ್ತವೆ. ನಡುವೆ ಪ್ರವಾಹವನ್ನು ಹಿಡಿತದಲ್ಲಿಡುವ ಡಿ.ಸಿ.ಯಿಂದ ಡಿ.ಸಿ.ಗೆ ಚಾರ್ಜ್ ಮಾಡುವ ಸಾಧನ ಮತ್ತು ಫ್ಯೂಸ್ ಇರಲೇಬೇಕು.

ಗಮನದಲ್ಲಿಡಬೇಕಾದ ಇತರ ಅಂಶಗಳು

1. 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ತುಂಬಿಸಬಾರದು. ರಾಯಚೂರು, ಕಲಬುರಗಿಯಂತಹ ಕಡೆ ಬೇಸಿಗೆಯ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಈ ಮಿತಿ ಸುಲಭವಾಗಿ ಮೀರುತ್ತದೆ. ರಾತ್ರಿ ಅಥವಾ ಮುಂಜಾನೆ ತುಂಬಿಸುವುದು ಲೇಸು. ಸೊನ್ನೆ ಡಿಗ್ರಿಗಿಂತ ಕೆಳಗೆ ತುಂಬಿಸುವುದೂ ಹಾನಿಕರ. ಆದರೆ ನಮ್ಮ ಬಯಲು ನಾಡಿನಲ್ಲಿ ಆ ಭಯವಿಲ್ಲ.

2. ಬ್ಯಾಟರಿ ಪೂರ್ತಿ ಬರಿದಾದಾಗ ಬಿ.ಎಂ.ಎಸ್. ಅದನ್ನು ಹೊರಗಿನಿಂದ ಕಡಿದುಬಿಡುತ್ತದೆ. ಆಗ ಮೀಟರ್ ಸೊನ್ನೆ ತೋರಿಸಬಹುದು. ಬ್ಯಾಟರಿ ಸತ್ತಿತೆಂದು ಎಸೆಯಬಾರದು. ಇಂತಹ ಬ್ಯಾಟರಿಯನ್ನು ಎಬ್ಬಿಸುವ ಶಕ್ತಿ ಎಲ್ಲ ಚಾರ್ಜರುಗಳಿಗೂ ಇರುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ವಿಚಾರಿಸಬೇಕು.

3. ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತ ಸಾಮಾನ್ಯ. 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವ ಚಾರ್ಜರನ್ನೇ ಆರಿಸಬೇಕು.

4. ಧನ ಮತ್ತು ಋಣ ತುದಿಗಳನ್ನು ಅದಲು ಬದಲು ಮಾಡದಂತೆ ಎಚ್ಚರ ವಹಿಸಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು.

5. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ತುಂಬಿಸಿ ತಂಪಾದ ಜಾಗದಲ್ಲಿಡಬೇಕು. ಮುಂಗಾರಿನ ಮೊದಲು ಹೊರತೆಗೆದು ಪೂರ್ತಿ ತುಂಬಿಸಿ, ರೇಡಿಯೋ ಜೋಡಿಸಿ ಪರೀಕ್ಷಿಸಬೇಕು.

ಬಿತ್ತನೆಗೆ ಮುಂಚೆ ಬೀಜದ ಮೊಳಕೆ ನೋಡುವ ರೈತನಿಗೆ ಈ ಕೊನೆಯ ಮಾತನ್ನು ವಿವರಿಸಬೇಕಾಗಿಲ್ಲ. ಚಾರ್ಜರಿನ ಬೆನ್ನ ಮೇಲಿನ ಅಂಕಿಯನ್ನು ಓದಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಎಚ್ಚರಿಕೆಯಿಂದ ಬ್ಯಾಟರಿ ಹಲವು ವರ್ಷ ಬಾಳುತ್ತದೆ. ಊರಿಗೆ ಊರೇ ಕತ್ತಲಲ್ಲಿ ಮುಳುಗಿದ ರಾತ್ರಿ ದೋಣಿ ಬೇಕು, ವೈದ್ಯರು ಬೇಕು ಎಂಬ ಕರೆ ಜಿಲ್ಲಾ ಕೇಂದ್ರವನ್ನು ಮುಟ್ಟುತ್ತದೆ.