ತಿಳಿಯಾದ ನೀರೆಲ್ಲ ಶುದ್ಧವಲ್ಲ: ಮನೆಯ ಪುಟ್ಟ ಹವಳದ ತೊಟ್ಟಿಗೆ ಬೇಕು ನಿತ್ಯದ ಕಾಳಜಿ

ಮುಂಬಯಿ: ಹೊಟೇಲಿನ ಗಲ್ಲಾದ ಪಕ್ಕದಲ್ಲಿ ಮೀನಿನ ತೊಟ್ಟಿ ಇಡುವುದು ಮಹಾನಗರದ ಹಳೆಯ ರೂಢಿ. ಅಪ್ಪ ಬಿಲ್ಲು ಕೊಡುವಷ್ಟರಲ್ಲಿ ಮಗು ಗಾಜಿಗೆ ಮೂಗೊತ್ತಿ ಮೀನು ನೋಡುವ ದೃಶ್ಯ ಇಲ್ಲಿನ ಕನ್ನಡಿಗರಿಗೆ ಹೊಸತಲ್ಲ. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ಆರಂಭಗೊಂಡ ತಾರಾಪೊರವಾಲಾ ಮತ್ಸ್ಯಾಲಯವಂತೂ ಹಲವು ದಶಕ ಊರಿನಿಂದ ಬಂದ ನೆಂಟರಿಗೆ ತೋರಿಸಲೇಬೇಕಾದ ತಾಣವಾಗಿತ್ತು. ಇಂದು ಅದೇ ಕುತೂಹಲ ಕೆಲವರ ಫ್ಲ್ಯಾಟಿನ ಹಾಲ್‌ವರೆಗೆ ಬಂದಿದೆ. ಸಿಹಿನೀರಿನ ಮೀನುಗಳ ಜಾಗದಲ್ಲಿ ಉಪ್ಪುನೀರಿನ ಪುಟ್ಟ ತೊಟ್ಟಿ, ಅದರಲ್ಲಿ ಹೂವಿನಂತೆ ಅರಳುವ ಹವಳದ ಜೀವಿಗಳು.

ನೋಡಲು ಚೆಂದ, ಸಾಕಲು ಕಷ್ಟ. ಸಾವಿರಾರು ರೂಪಾಯಿ ಖರ್ಚು ಮಾಡಿ ತಂದ ಜೀವಿಗಳು ತಿಂಗಳೊಳಗೆ ಮುದುಡಿ ಸಾಯುವುದಿದೆ. ಆಗಲೂ ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ. ಮೋಸವಿರುವುದೇ ಇಲ್ಲಿ. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಬೇರೆ, ಜೀವಕ್ಕೆ ಶುದ್ಧವಾದ ನೀರು ಬೇರೆ. ಅಮೋನಿಯಾ ನೀರಿನಲ್ಲಿ ಕರಗಿದರೆ ಬಣ್ಣವೂ ಇಲ್ಲ, ಮಸುಕೂ ಇಲ್ಲ.

ಸೋಸುವವರು ಯಾರು?

ನೀರು ಸೋಸುವುದು ಯಂತ್ರ ಎಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಸೋಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಉಳಿದ ಆಹಾರ ಮತ್ತು ಮೀನಿನ ಮಲದಿಂದ ವಿಷಕಾರಿ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತದೆ. ಇವು ರಂಧ್ರಗಳಿರುವ ಕಲ್ಲು, ಮರಳು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿಕೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿದ ಮೇಲೆ ಕಾಯುವ ಹಾಗೆಯೇ ಇಲ್ಲಿಯೂ ಕಾಯಬೇಕು. ತೊಟ್ಟಿ ತಂದ ದಿನವೇ ಜೀವಿಗಳನ್ನು ಬಿಡುವ ಅವಸರವೇ ಹೆಚ್ಚಿನ ಸಾವಿಗೆ ಕಾರಣ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದದ್ದು ಪರೀಕ್ಷೆಯ ಕಿಟ್‌ನಲ್ಲಿ ಕಂಡ ಮೇಲೆಯೇ ಮುಂದಿನ ಹೆಜ್ಜೆ.

ಶುಚಿಯ ಉತ್ಸಾಹವೂ ಮುಳುವಾಗಬಹುದು. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ನೀರಿನಲ್ಲಿರುವ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದನ್ನು ಮೆಲ್ಲನೆ ಹಿಂಡಬೇಕು. ಕಸ ಹಿಡಿಯುವ ಬಿಳಿ ಹತ್ತಿಯಂಥ ಪದರನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಹಿಡಿದ ಕಸ ಅಲ್ಲಿಯೇ ಕೊಳೆತು ಮತ್ತೆ ನೀರು ಸೇರುತ್ತದೆ. ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಬೇಳೆ ಬೇಯುವಾಗ ಮೇಲಿನ ನೊರೆ ತೆಗೆದಂತೆ ಉಪ್ಪುನೀರಿನ ಕೊಳೆಯನ್ನು ಗುಳ್ಳೆಗಳ ಜತೆ ಮೇಲೆತ್ತುತ್ತದೆ. ಆದರೆ 40 ಲೀಟರಿನ ತೊಟ್ಟಿಗೆ ಅದು ಅನಿವಾರ್ಯವಲ್ಲ. ವಾರಕ್ಕೊಮ್ಮೆ 4ರಿಂದ 6 ಲೀಟರ್ ನೀರು ಬದಲಿಸಿದರೆ ಸಾಕಾಗುತ್ತದೆ.

ಜುಹೂ ಕಡಲಿನ ನೀರು ಬೇಡ

ಸಮುದ್ರ ಮನೆಯ ಹತ್ತಿರವೇ ಇರುವಾಗ ಒಂದು ಕ್ಯಾನ್ ನೀರು ತಂದರಾಯಿತು ಎಂದು ಅನಿಸುವುದು ಸಹಜ. ಮಹಾನಗರದ ಕರಾವಳಿಯ ನೀರಿನಲ್ಲಿ ಕೆಸರಿದೆ, ಚರಂಡಿಯ ನೀರೂ ಸೇರುತ್ತದೆ. ಶುದ್ಧ ನೀರಿಗೆ ಅಕ್ವೇರಿಯಂನ ಸಮುದ್ರ ಲವಣ ಬೆರೆಸುವುದೇ ಕ್ಷೇಮ. ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಇರಬೇಕು. ಅಡುಗೆ ಉಪ್ಪು ಸಲ್ಲದು.

ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಮೆದುವಾದರೂ ಕ್ಲೋರಿನ್ ಬೆರೆತದ್ದು. ದೂರದ ಉಪನಗರಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನೇ ನೆಚ್ಚಿದ ಕಟ್ಟಡಗಳಲ್ಲಿ ಗಡಸುತನ ಇನ್ನೂ ಹೆಚ್ಚು. ಆದ್ದರಿಂದ ಆರ್‌ಒ ನೀರು ಅಗತ್ಯ. ಬರೀ ಯುವಿ ಯಂತ್ರ ಕರಗಿದ ಲವಣವನ್ನು ತೆಗೆಯುವುದಿಲ್ಲ. ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸಿದಷ್ಟೂ ಒಳ್ಳೆಯದು.

ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ ಎಂಬುದನ್ನು ಮರೆಯಬಾರದು. 40 ಲೀಟರಿನಲ್ಲಿ ಒಂದೇ ಲೀಟರ್ ಆರಿದರೂ ಉಪ್ಪಿನಂಶ 35ರಿಂದ ಸುಮಾರು 36ಕ್ಕೆ ಏರುತ್ತದೆ. ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ದಿನವೂ ಉಪ್ಪಿಲ್ಲದ ಆರ್‌ಒ ನೀರನ್ನೇ ಗೆರೆಯವರೆಗೆ ತುಂಬಬೇಕು. ಸಣ್ಣ ತೊಟ್ಟಿಗೆ ಕೆಲಸ ಕಡಿಮೆ ಎಂಬುದು ತಪ್ಪು ಕಲ್ಪನೆ. ನೀರು ಕಡಿಮೆಯಾದಷ್ಟೂ ಏರುಪೇರು ಬೇಗ.

ನೀರು ಕದಡಿದರೆ

ಹಾಲಿನಂತೆ ಬೆಳ್ಳಗಾದರೆ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿವೆ ಎಂದರ್ಥ. ಹೊಸ ತೊಟ್ಟಿಯಲ್ಲಿ, ಇಲ್ಲವೇ ಆಹಾರ ಅತಿಯಾದಾಗ ಹೀಗಾಗುತ್ತದೆ. ಅವು ಆಮ್ಲಜನಕವನ್ನು ಹೀರುವುದರಿಂದ ಗಾಳಿಯ ಪಂಪ್ ಜೋರು ಮಾಡಿ, ಆಹಾರ ನಿಲ್ಲಿಸಬೇಕು. ಹಸಿರಾದರೆ ಪಾಚಿ. ಬೆಳಕು ಮತ್ತು ಆಹಾರ ಎರಡನ್ನೂ ತಗ್ಗಿಸಬೇಕು. ಹಳದಿ ಛಾಯೆ ಬಂದರೆ ಹೊಸ ಇದ್ದಿಲಿನ ಚೀಲ ಹಾಕಿದರೆ ಸಾಕು.

ಕರೆಂಟು, ಸೆಕೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಉಪನಗರಗಳು ಕತ್ತಲಲ್ಲಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. 2020ರ ಅಕ್ಟೋಬರ್ 12ರಂದು ಮಹಾನಗರದ ವಿದ್ಯುತ್ ಗಂಟೆಗಟ್ಟಲೆ ಕೈಕೊಟ್ಟಿತ್ತು. ಪಂಪ್ ನಿಂತರೆ ಪುಟ್ಟ ತೊಟ್ಟಿಯ ಆಮ್ಲಜನಕ ಬೇಗ ತಗ್ಗುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಜಾಣತನ.

ಹವಳಕ್ಕೆ ಹಿತವಾದ ಉಷ್ಣತೆ 24ರಿಂದ 27 ಡಿಗ್ರಿ. ಮೇ ಮತ್ತು ಅಕ್ಟೋಬರ್ ಸೆಕೆಯಲ್ಲಿ ನೀರು ಇದನ್ನು ದಾಟುತ್ತದೆ. ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಮಳೆಗಾಲದ ತೇವದಲ್ಲಿ ಅದರ ಪರಿಣಾಮ ಕಡಿಮೆ. ಸೆಕೆ ಹೆಚ್ಚಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದೂ ಇದೇ.

ಕಾನೂನಿನ ಗೆರೆ

ಕಲ್ಲು ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಮುಂತಾದವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಮಾಲ್ವಣದಿಂದಾಗಲಿ ತುಂಡೊಂದನ್ನು ನೆನಪಿಗೆಂದು ತರುವುದೂ ಅಪರಾಧ. ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಅನುಮತಿಯಲ್ಲ. ಸಾಕುವವರು ಅಣಬೆ ಹವಳದಂಥ ಮೆದು ಜಾತಿಗಳನ್ನು, ಎಲ್ಲಿಂದ ಬಂದವು ಎಂದು ವಿಚಾರಿಸಿ, ಬಿಲ್ಲು ಪಡೆದೇ ಕೊಳ್ಳಬೇಕು. ಕಲ್ಲಿನ ಬದಲು ಕೃತಕ ಸೆರಾಮಿಕ್ ಕಲ್ಲು ಒಳಿತು. ಗುಂಡಿಯಾಕಾರದ ಝೊವಾಂತಿಡ್‌ಗಳ ಕೆಲವು ಜಾತಿಗಳಲ್ಲಿ ಕಡು ವಿಷವಿದೆ. ಕೈಗವಸಿಲ್ಲದೆ ಮುಟ್ಟಬಾರದು, ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬಾರದು.

ತೊಟ್ಟಿ ಇಡಲಾಗದವರು ನಿರಾಶರಾಗಬೇಕಿಲ್ಲ. ಇಳಿತದ ವೇಳೆ ಹಾಜಿ ಅಲಿಯ ಬಂಡೆಗಳ ನಡುವೆ ಹವಳದ ಬಂಧುಗಳು ಕಾಣಸಿಗುತ್ತವೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ ಹಾಜಿ ಅಲಿ ಮತ್ತು ವರ್ಲಿಯ 18 ಹವಳ ಗುಂಪುಗಳನ್ನು 2020ರಲ್ಲಿ ಕೊಲಾಬಾದ ನೇವಿ ನಗರದ ಬಳಿಗೆ ಸ್ಥಳಾಂತರಿಸಲಾಯಿತು. ಕದಡಿದ ಕಡಲಿನಲ್ಲಿಯೂ ಬಾಳುವ ಜೀವಿ ಮನೆಯ ತಿಳಿನೀರಿನಲ್ಲಿ ಸಾಯುತ್ತದೆಂದರೆ ತಪ್ಪು ಅದರದ್ದಲ್ಲ. ಕಡಲಿನಲ್ಲಿ ಅಲೆ, ಉಬ್ಬರ, ಅಸಂಖ್ಯ ಸೂಕ್ಷ್ಮಜೀವಿಗಳು ಮಾಡುವ ಕೆಲಸವನ್ನು ಹಾಲ್‌ನಲ್ಲಿ ಒಬ್ಬ ಮನುಷ್ಯ ಮಾಡಬೇಕು. ದಿನಕ್ಕೆ ಹತ್ತು ನಿಮಿಷ, ವಾರಕ್ಕೊಂದು ಬಕೆಟ್ ನೀರು ಕೊಡಲು ಸಿದ್ಧರಿದ್ದವರು ಮಾತ್ರ ಈ ಹವ್ಯಾಸಕ್ಕೆ ಕೈ ಹಾಕುವುದು ಒಳಿತು.