ಖಾಲಿ ಶಾಲೆಯಲ್ಲಿ ಹುಲ್ಲು ಹಾಸಿಗೆ

1909ರ ಆಗಸ್ಟ್ 26. ಜರ್ಮನಿಯ ಬ್ರೋಲ್ ಕಣಿವೆಯಲ್ಲಿ ಗುಡುಗು ಸಿಡಿಲಿನ ಮಳೆ. ಆಲ್ಟೆನಾದಿಂದ ಆಖೆನ್‌ವರೆಗೆ ಎಂಟು ದಿನದ ಕಾಲ್ನಡಿಗೆಗೆ ಹೊರಟಿದ್ದ ಹುಡುಗರು ತೊಯ್ದು ತೊಪ್ಪೆಯಾಗಿದ್ದರು. ಅವರ ಮೇಷ್ಟ್ರು ರಿಚರ್ಡ್ ಶಿರ್ಮಾನ್‌ಗೆ ಕೊನೆಗೆ ಸಿಕ್ಕ ಆಸರೆ, ರಜೆಗೆಂದು ಖಾಲಿ ಬಿದ್ದಿದ್ದ ಹಳ್ಳಿಶಾಲೆ. ಬೆಂಚುಗಳನ್ನು ಬದಿಗೆ ಸರಿಸಿ ನೆಲಕ್ಕೆ ಒಣಹುಲ್ಲು ಹರವಿದರು. ಕುಡಿಯಲು ರೈತನೊಬ್ಬ ಹಾಲು ಕೊಟ್ಟ. ಮಕ್ಕಳು ನಿದ್ದೆಹೋದರು. ಮೇಷ್ಟ್ರು ಮಾತ್ರ ಎಚ್ಚರವಾಗಿದ್ದು ಯೋಚಿಸುತ್ತಿದ್ದರು: ಊರೂರಿಗೂ ಶಾಲೆ ಇದೆ, ರಜೆಯಲ್ಲಿ ಎಲ್ಲವೂ ಖಾಲಿ. ಒಂದು ದಿನದ ನಡಿಗೆಗೆ ಒಂದರಂತೆ ಅವು ಮಕ್ಕಳ ತಂಗುದಾಣ ಆಗಬಾರದೇಕೆ?

ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಆ ರಾತ್ರಿ.

ಚಾರಣದ ಹುಚ್ಚು ಅಲ್ಲಿಗೆ ಹೊಸದೇನಲ್ಲ. ಬರ್ಲಿನ್ ಪಕ್ಕದ ಸ್ಟೆಗ್ಲಿಟ್ಸ್‌ನಲ್ಲಿ 1901ರಲ್ಲೇ ‘ವಾಂಡರ್‌ಫೋಗೆಲ್’ ಎಂಬ ಸಂಘ ಕಟ್ಟಿಕೊಂಡು ಹೈಸ್ಕೂಲು ಹುಡುಗರು ಕಾಡುಮೇಡು ಅಲೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಅನುಕೂಲಸ್ಥರ ಮಕ್ಕಳು. ಶಿರ್ಮಾನ್ ಪಾಠ ಹೇಳಿದ್ದು ಗೆಲ್ಸೆನ್‌ಕಿರ್ಖೆನ್‌ನಂಥ ಗಣಿ ಊರಿನ, ಹೊಗೆ ಕುಡಿದೇ ಬೆಳೆದ ಮಕ್ಕಳಿಗೆ. ಅವರಿಗೆ ಕಾಡು ತೋರಿಸಬೇಕಾದರೆ ಮೊದಲು ಕಾಸಿಲ್ಲದೆ ರಾತ್ರಿ ಕಳೆಯುವ ಜಾಗ ಬೇಕು. ಇಡೀ ಚಳವಳಿಯ ಜೀವ ಇರುವುದು ಈ ತಿಳಿವಳಿಕೆಯಲ್ಲಿ ಎಂದು ನಾನು ನಂಬಿದ್ದೇನೆ.

1910ರಲ್ಲಿ ಶಿರ್ಮಾನ್ ಪತ್ರಿಕೆಗೆ ಬರೆದ ಲೇಖನ ಜನರ ಗಮನ ಸೆಳೆಯಿತು. ಕೈಜೋಡಿಸಿದ ವಿಲ್‌ಹೆಲ್ಮ್ ಮ್ಯೂಂಕರ್ ಸಂಘಟನೆಯ ಭಾರ ಹೊತ್ತರು. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ತಂಗುದಾಣ ತೆರೆಯಿತು. ದಪ್ಪ ಮರದ ಮೂರಂತಸ್ತಿನ ಮಂಚಗಳನ್ನು ಅಲ್ಲಿ ಇಂದಿಗೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

ಮೊದಲ ಮಹಾಯುದ್ಧದಲ್ಲಿ ಶಿರ್ಮಾನ್ ಸೈನಿಕ. 1915ರ ಕ್ರಿಸ್‌ಮಸ್‌ನಲ್ಲಿ ವೋಜ್ ಬೆಟ್ಟಗಳ ಕಂದಕಗಳಲ್ಲಿ ಜರ್ಮನ್ನರೂ ಫ್ರೆಂಚರೂ ಬಂದೂಕು ಬದಿಗಿಟ್ಟು ರೊಟ್ಟಿ, ವೈನ್ ಹಂಚಿಕೊಂಡದ್ದನ್ನು ಕಣ್ಣಾರೆ ಕಂಡರು. ಬೇರೆ ಬೇರೆ ದೇಶದ ಎಳೆಯರು ಒಂದೇ ಸೂರಿನಡಿ ಮಲಗಿ ಏಳಬೇಕೆಂಬ ಆಸೆ ಗಟ್ಟಿಯಾಯಿತು. 1930ರಲ್ಲಿ ಬ್ರಿಟನ್ನಿನಲ್ಲಿ ಯೂತ್ ಹಾಸ್ಟೆಲ್ ಸಂಸ್ಥೆ ಹುಟ್ಟಿತು. 1932ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ. ಆ ಹೊತ್ತಿಗೆ ಜರ್ಮನಿಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಹಾಸ್ಟೆಲ್‌ಗಳಿದ್ದವು. ಮರುವರ್ಷವೇ ನಾಜಿಗಳು ಅವನ್ನೆಲ್ಲ ಹಿಟ್ಲರನ ಯುವದಳದ ಕೈಗಿತ್ತರು. 1936ರಲ್ಲಿ ಶಿರ್ಮಾನ್ ಒಕ್ಕೂಟದ ಅಧ್ಯಕ್ಷಗಿರಿಯನ್ನೂ ಬಿಡಬೇಕಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೇಷ್ಟ್ರು ಮತ್ತೆ ಕಟ್ಟಲು ನಿಂತರು, 1961ರಲ್ಲಿ ತೀರಿಕೊಂಡರು.

ಭಾರತದಲ್ಲಿ ಬೀಜ ಬಿದ್ದದ್ದು 1945ರಲ್ಲಿ, ಶಿಮ್ಲಾ ಬಳಿಯ ತಾರಾದೇವಿಯ ಸ್ಕೌಟ್ ಶಿಬಿರದಲ್ಲಿ. ಆರಂಭದ ವರ್ಷಗಳಲ್ಲೇ ಮೈಸೂರಿನಲ್ಲೂ ಅದು ಬೇರುಬಿಟ್ಟಿತು. ಯೂತ್ ಹಾಸ್ಟೆಲ್‌ನವರ ಡೇರೆಯಲ್ಲಿ ಮಲಗಿಯೇ ಮೊದಲ ಸಲ ಹಿಮಾಲಯ ಕಂಡ ಕನ್ನಡಿಗರು ಅನೇಕ.

ನಮ್ಮ ಮಲೆನಾಡಿನ ದಾರಿಗಳಲ್ಲೂ ಸರ್ಕಾರಿ ಶಾಲೆಗಳಿವೆ, ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಅವು ಬೀಗ ಹಾಕಿಯೇ ಇರುತ್ತವೆ. ಬಯಲುಸೀಮೆಯ ಮಕ್ಕಳು ಕಾಡು ನೋಡಲು ಬಂದಾಗ ಅವರಿಗೊಂದು ಕೋಣೆ, ಒಂದು ಚಾಪೆ ಸಿಗಲಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಈ ಬೇಸಿಗೆಯಲ್ಲಿ ಬೀಗದ ಕೈ ಕೊಟ್ಟು ನೋಡಿ.