ಮೊದಲು ಮಿರುಗುವುದು ಎಫ್ ಕೀಲಿ

ಪ್ರಶ್ನೆ: ಲ್ಯಾಪ್‌ಟಾಪಿನ ಕೆಲವು ಕೀಲಿಗಳು ಎಷ್ಟು ಒರೆಸಿದರೂ ಜಿಡ್ಡು ಮೆತ್ತಿದಂತೆ ಹೊಳೆಯುತ್ತವೆ. ಏಕೆ? (ಓದುಗರು, ಹೊಸೂರು)

ಉತ್ತರ: ಒರೆಸಿದ ಮೇಲೂ ಉಳಿಯುವ ಹೊಳಪು ಕೊಳೆಯಲ್ಲ, ಸವೆತ. ಸಾಮಾನ್ಯವಾಗಿ ಕೀಲಿಗಳನ್ನು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದರ ಸಣ್ಣ ತರಿ ಬೆರಳ ಉಜ್ಜಾಟಕ್ಕೆ ನುಣುಪಾದರೆ ಮುಗಿಯಿತು, ಮರಳಿ ಬರದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪಿಸುವವರಾದರೆ ನಿಮ್ಮ ಎಫ್ ಕೀಲಿಯನ್ನೇ ನೋಡಿ. ‘ಅಕ್ಕ’ ಎನ್ನಲು ಎ, ಕೆ, ಎಫ್, ಕೆ. ಒತ್ತಕ್ಷರ ಬಂದಾಗಲೆಲ್ಲ ಪೆಟ್ಟು ಎಫ್‌ಗೇ. ಇಂಗ್ಲಿಷಿನವರಿಗೆ ಇ ಕೀಲಿಯ ಮೇಲೆ ಹೊರೆ ಹೆಚ್ಚು.

ನಿಮ್ಮ ಕೃಷ್ಣಗಿರಿ ಸೀಮೆಯ ಗ್ರಾನೈಟ್ ದೂಳನ್ನೂ ಮರೆಯಬೇಡಿ. ಅದರಲ್ಲಿರುವ ಕ್ವಾರ್ಟ್ಸ್ ಕಣ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಗಟ್ಟಿ. ದೂಳಿರುವಾಗಲೇ ಬಟ್ಟೆ ಹಾಕಿ ತಿಕ್ಕಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಓರೆಯಾಗಿ ಹಿಡಿದು ಮೆತ್ತನೆಯ ಬ್ರಷ್‌ನಿಂದ ದೂಳು ಉದುರಿಸಿ. ಆಮೇಲೆ 70% ಐಸೊಪ್ರೊಪೈಲ್ ಆಲ್ಕೊಹಾಲನ್ನು ತುಸುವೇ ಬಟ್ಟೆಗೆ ಹಾಕಿ (ಕೀಲಿಗಲ್ಲ!) ಹಗುರಾಗಿ ಒರೆಸಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಬೇಡವೇ ಬೇಡ, ಅದು ಎಬಿಎಸ್ಸನ್ನೇ ಕರಗಿಸುತ್ತದೆ. ಸಿಲಿಕೋನ್ ಹೊದಿಕೆ ಸವೆತ ತಡೆಯುತ್ತದೆ, ನಿಜ. ಟೈಪಿಸುವ ಸುಖವನ್ನೂ ತಡೆಯುತ್ತದೆ. ಹಾಕಿದರೆ, ಮುಚ್ಚಳ ಮುಚ್ಚುವ ಮುನ್ನ ತೆಗೆಯಿರಿ, ಪರದೆಗೆ ಒತ್ತಿಕೊಂಡೀತು. ಇನ್ನು ಮಾವಿನ ಕಾಲದಲ್ಲಿ ಕೈ ತೊಳೆದು ಕೂರಿ.